ಊಟಕ್ಕೆ ಕರೆಯಲು ಘಾಟಿ ಹತ್ತಿದ ಕುಲಿಪಾ

ಹಿಮದ ಬೆಟ್ಟಗಳ ನಡುವಿನ ಅತ್‌ಬಾಶಿ ಸೀಮೆಯಲ್ಲಿ ಕುಲಿಪಾಳ ಹೆಸರೆತ್ತಿದರೆ ಕೆಲವರು ಮೂಗು ಮುರಿಯುತ್ತಾರೆ, ಕೆಲವರು ನಗುತ್ತಾರೆ. ಸುಮ್ಮನೆ ಕೂರುವವರು ಮಾತ್ರ ಯಾರೂ ಇಲ್ಲ. ಹಾಗಂತ ಆಕೆಯೇನು ಮಹಾ ಸಾಧ್ವಿಯಲ್ಲ, ಜಗಳಗಂಟಿಯೂ ಅಲ್ಲ. ಕುರಿಯ ಉಣ್ಣೆಯನ್ನು ಬಿಸಿನೀರಲ್ಲಿ ನೆನೆಸಿ, ಸುತ್ತಿ, ತುಳಿದು ದಪ್ಪನೆಯ ಹಾಸು ಮಾಡುವ ಹೆಂಗಸು. ಗಿಡ್ಡ ಆಳು, ತೂಕದ ಆಳು. ನಕ್ಕರೆ ಕಟ್ಟಿಹಾಕಿದ ಕುದುರೆ ಕಿವಿ ನಿಮಿರಿಸಬೇಕು, ಅಂಥ ನಗು. ಅತ್ತರೂ ಅಷ್ಟೇ ಜೋರು. ಒಳಗೊಂದು ಹೊರಗೊಂದು ಇಟ್ಟುಕೊಳ್ಳುವುದು ಆಕೆಗೆ ಬರುವುದಿಲ್ಲ, ಆಕೆಯ ಕಷ್ಟಗಳಲ್ಲಿ ಅರ್ಧ ಅದರಿಂದಲೇ ಬಂದದ್ದು.

ಎಳೆ ವಯಸ್ಸಿನಲ್ಲಿ ಜೋಲ್ಚುವಿನ ಹೆಂಡತಿಯಾಗಿ ಈ ಊರಿಗೆ ಬಂದಳು. ಅತ್ತೆ ಆಗಲೇ ತೀರಿಕೊಂಡಿದ್ದಳು. ಹಾಗಾಗಿ ಸೊಸೆಗೆ ಕಲಿಸಬೇಕಾದ್ದನ್ನೆಲ್ಲ ಕಲಿಸಿದವಳು ಗಂಡನ ಅಣ್ಣ ಅಬ್ದಿಲ್ದಾನ ಹೆಂಡತಿ, ವಾರಗಿತ್ತಿ ಬಾತ್ಮಾ. ಬೆರಣಿ ಕೆಂಡದ ನಡುವೆ ಬಾಣಲೆ ಹೂತು ರೊಟ್ಟಿ ಸುಡುವುದು, ಗಾಳಿಯ ವಾಸನೆ ಹಿಡಿದು ಹಿಮ ಬೀಳುವ ಮೊದಲೇ ಕರುಗಳನ್ನು ಒಳಗೆ ತರುವುದು, ಗಂಡಸರು ಕೂಗಾಡುವಾಗ ಚಹಾ ಮುಂದಿಟ್ಟು ಬಾಯಿ ಮುಚ್ಚಿಸುವುದು, ಎಲ್ಲವೂ ಬಾತ್ಮಾಳ ಪಾಠ. ಬೈಯದೆ ಏನನ್ನೂ ಕಲಿಸಿದವಳಲ್ಲ ಬಾತ್ಮಾ. "ಕೈಯಾ ಅದು, ಕುದುರೆ ಗೊರಸಾ?" ಎನ್ನುವಳು. ಕುಲಿಪಾಳ ಚೊಚ್ಚಲ ಮಗ ಹುಟ್ಟಿದ್ದು ಬೇಸಗೆಯ ಡೇರೆಯಲ್ಲಿ, ಹೊರಗೆ ಆಲಿಕಲ್ಲು ಸುರಿಯುತ್ತಿದ್ದಾಗ. ಆ ಮಗುವನ್ನು ಮೊದಲು ಎತ್ತಿಕೊಂಡ ಕೈ ಬಾತ್ಮಾಳದು. ಒಡಹುಟ್ಟಿದ ಅಕ್ಕ ಕೂಡ ಅಷ್ಟು ಮಾಡುವುದಿಲ್ಲ ಬಿಡಿ.

ಹಾಸುಗಳನ್ನು ಮಾರಲು ಕುಲಿಪಾ ನರಿನ್ ಪಟ್ಟಣಕ್ಕೆ ಹೋಗುತ್ತಿದ್ದಳು. ಅಲ್ಲಿ ದಾಮಿರಾ ಎಂಬ ವಿಧವೆಯ ಮನೆಯಲ್ಲಿ ತಂಗುತ್ತಿದ್ದಳು. ಆ ಅಡುಗೆಮನೆಯಲ್ಲಿ ವಾರಕ್ಕೊಮ್ಮೆ ನಾಲ್ಕಾರು ಜನ ಸೇರಿ ಈಸಾನ, ಅಂದರೆ ಯೇಸು ಕ್ರಿಸ್ತನ, ಕತೆ ಓದಿ ಹಾಡುತ್ತಿದ್ದರು. ಕುಲಿಪಾ ಮೊದಲು ಕೂತದ್ದು ಚಹಾಕ್ಕೆ, ಆಮೇಲೆ ಹಾಡಿಗೆ. ಕೊನೆಗೆ ಈಸಾನಿಗಾಗಿಯೇ ಕೂತಳು. ಯಾರು ಕರೆದರೂ ಹೋಗಿ ಉಂಡು ಬರುತ್ತಿದ್ದ ಆ ದೇವರು ಆಕೆಗೆ ಬಲು ಹಿಡಿಸಿಬಿಟ್ಟ. ಒಂದು ಶರತ್ಕಾಲದಲ್ಲಿ ನರಿನ್ ಹೊಳೆಯ ಕೊರೆಯುವ ನೀರಿನಲ್ಲಿ ಮುಳುಗಿ ದೀಕ್ಷೆ ಪಡೆದಳು. ಊರಿಗೆ ಬಂದವಳೇ ಬಾತ್ಮಾಳ ಮನೆಗೆ ಹೋಗಿ, ಕೂತು, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ದಾಮಿರಾ "ಸ್ವಲ್ಪ ದಿನ ತಡಿ" ಎಂದು ಬುದ್ಧಿ ಹೇಳಿ ಕಳಿಸಿದ್ದಳು. ಆದರೆ ತಡೆಯುವ ಬಾಯಲ್ಲವಲ್ಲ ಅದು!

ಇಡೀ ಊರು ಮುಸಲ್ಮಾನರದು. ಅಂದಿನಿಂದ ಬಾತ್ಮಾ ಮಾತು ಬಿಟ್ಟಳು. ಒಂದು ವರ್ಷ ಕಳೆದ ಮೇಲೆ ಜೋಲ್ಚುವೂ ಅದೇ ಹೊಳೆಗಿಳಿದ. ಕಾರಣ ಕೇಳಿದರೆ, "ಇವ್ಳು ಮುಳುಗಿ ಬಂದ್ಮೇಲೆ ನನ್ನ ಬೈಯೋದು ಕಮ್ಮಿ ಮಾಡಿದ್ಳು ಕಣಯ್ಯ. ಇಷ್ಟು ದೊಡ್ಡ ಪವಾಡ ಕಣ್ಣಾರೆ ಕಂಡೂ ನಂಬ್ದಿದ್ರೆ ಹೆಂಗೆ?" ಎನ್ನುತ್ತಿದ್ದ. ಅಬ್ದಿಲ್ದಾಗೆ ಈ ತಮಾಷೆ ರುಚಿಸಲಿಲ್ಲ. ಊರವರೆದುರಿಗೆ, "ನಂಗೆ ತಮ್ಮ ಇಲ್ಲ" ಎಂದ. ಅಲ್ಲಿಗೆ ಮದುವೆ ಮುಂಜಿಗೆ ಕರೆ ನಿಂತಿತು. ಉಣ್ಣೆ ತುಳಿಯಲು ಹೆಂಗಸರು ಬರುವುದು ನಿಂತಿತು. ಬಾತ್ಮಾಳಂತೂ ಕುಲಿಪಾಳ ಕೈಯಿಂದ ಒಂದು ಚೂರು ರೊಟ್ಟಿಯನ್ನೂ ಮುಟ್ಟಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಬೇಸಗೆಯಲ್ಲಿ. ಘಾಟಿಯ ಆಚೆ ತಾಶ್‌ಕೋರೋ ಎಂಬ ಹುಲ್ಲುಗಾವಲು ಇಬ್ಬರು ಅಣ್ಣತಮ್ಮಂದಿರಿಗೂ ಅಪ್ಪನಿಂದ ಬಂದದ್ದು. ಬೇರೆ ಯಾರೂ ಅಲ್ಲಿಗೆ ಬರುವುದಿಲ್ಲ. ಅಣ್ಣನ ಡೇರೆ ಮೊದಲು ಏಳಬೇಕು, ತಮ್ಮ ಆಮೇಲೆ ಬರಬೇಕು. ಹಾಗೆ ಬಂದವರಿಗೆ ಮೊದಲಿದ್ದವರು ಒಲೆ ಹೊತ್ತಿಸಲು ಬಿಡುವುದಿಲ್ಲ. ದಾರಿಗೇ ಎದುರು ಬಂದು ಮಜ್ಜಿಗೆ ಕೊಟ್ಟು, ಕುರಿ ಕಡಿದು ಉಣ್ಣಿಸುತ್ತಾರೆ. ಈ ಊಟಕ್ಕೆ ಎರುಲುಕ್ ಎನ್ನುತ್ತಾರೆ. ಕೋರ್ಟು ಮೆಟ್ಟಿಲು ಹತ್ತಿದ ದಾಯಾದಿಗಳೂ ಎರುಲುಕ್ ತಪ್ಪಿಸಿದ್ದಿಲ್ಲ, ಬೇಡ ಎಂದದ್ದೂ ಇಲ್ಲ. ಆದರೆ ಅಣ್ಣ ಆ ಮಾತಾಡಿದ ಮೇಲಿನ ಬೇಸಗೆ ಕುಲಿಪಾ, ಜೋಲ್ಚು ದಣಿದು ಬಂದು ಹೊರೆ ಇಳಿಸಿದರೆ, ಕೂಗಳತೆಯ ದೂರದಲ್ಲಿ ಅಣ್ಣನ ಡೇರೆಯ ಬಾಗಿಲು ಮುಚ್ಚಿತ್ತು. ಒಂದು ಲೋಟ ಚಹಾ ಬರಲಿಲ್ಲ. ಜೋಲ್ಚು ಬಿದಿರಿನಂತೆ ನೆಟ್ಟಗೆ ನಿಂತು ಡೇರೆ ಕಟ್ಟಿದ. ಕುಲಿಪಾ ಕುದುರೆಯ ಮರೆಯಲ್ಲಿ ನಿಂತು, ತನಗೆ ಅಭ್ಯಾಸವೇ ಇಲ್ಲದಂತೆ, ಸದ್ದಿಲ್ಲದೆ ಅತ್ತಳು.

ಆ ಚಳಿಗಾಲ ದಾಮಿರಾಳ ಅಡುಗೆಮನೆಯಲ್ಲಿ ಒಂದೇ ಸುದ್ದಿ. ಒಬ್ಬ ತಾಜಿಕರ ಬೆಟ್ಟಗಳಿಗೆ ಹೊರಟನಂತೆ, ಒಬ್ಬಳು ಗಡಿಯ ಗಣಿ ಊರಿಗೆ ಹೊರಟಳಂತೆ, ಈಸಾನ ಹೆಸರಿನಲ್ಲಿ. ಕುಲಿಪಾಳಿಗೆ ಹೊಟ್ಟೆಕಿಚ್ಚಾಯಿತು. "ಸ್ವಾಮಿ, ನನ್ನನ್ನೂ ಎಲ್ಲಿಗಾದ್ರೂ ಕಳ್ಸು" ಎಂದು ಬೇಡಿಕೊಳ್ಳತೊಡಗಿದಳು. ಕಣ್ಣು ಮುಚ್ಚಿದಾಗಲೆಲ್ಲ ಬಾತ್ಮಾಳ ಗಂಟುಮುಖವೇ ಎದುರು ಬಂದು ನಿಲ್ಲುತ್ತಿತ್ತು. "ಅಯ್ಯೋ, ಅಲ್ಲಿಗಲ್ಲ ಸ್ವಾಮಿ, ದೂರ ಎಲ್ಲಿಗಾದ್ರೂ" ಎಂದು ಚೌಕಾಸಿ ಮಾಡಿದಳು. ದೇವರು ಚೌಕಾಸಿಗೆ ಬಗ್ಗಲಿಲ್ಲ.

ಒಬ್ಬಳೇ ಉಣ್ಣೆ ತುಳಿಯುತ್ತಿದ್ದ ಒಂದು ಮಧ್ಯಾಹ್ನ ಆಕೆಗೆ ಹೊಳೆಯಿತು. ಒದ್ದೆ ಕಾಲಲ್ಲೇ ಲಾಯಕ್ಕೆ ಓಡಿದಳು. ಜೋಲ್ಚು ಕುದುರೆಗೆ ಲಾಳ ಹೊಡೆಯುತ್ತಿದ್ದ.

"ಈ ಸಲ ನಾವೇ ಮೊದ್ಲು ಹೋಗೋಣ" ಎಂದಳು.

"ಎಲ್ಲಿಗೆ?"

"ತಾಶ್‌ಕೋರೋಗೆ. ಮೊದ್ಲು ಹೋದೋರು ತಾನೆ ಎರುಲುಕ್ ಕೊಡೋದು? ಅಕ್ಕ ಭಾವ ಬರೋ ಹೊತ್ತಿಗೆ ನಮ್ಮ ಒಲೆ ಉರೀತಿರ್ಬೇಕು. ನಮ್ಮನೇಲಿ ಉಣ್ಣಲ್ಲ ಅನ್ಬೋದು. ಎರುಲುಕ್ ಬೇಡ ಅಂತ ಯಾವ ಬಾಯಲ್ಲಿ ಅಂತಾರೆ?"

ಜೋಲ್ಚು ಸುತ್ತಿಗೆ ಕೆಳಗಿಟ್ಟ. "ತಲೆ ನೆಟ್ಟಗಿದ್ಯೇನೆ ನಿಂಗೆ? ಅಣ್ಣನಿಗಿಂತ ಮೊದ್ಲು ಹೋದ್ರೆ ಅದೇ ಒಂದು ಅವಮಾನ. ಅವ್ನು ಹಿಮ ಕರಗಿದ ತಕ್ಷಣ ಹೊರಡೋನು. ಅವ್ನಿಗಿಂತ ಮೊದ್ಲು ಅಂದ್ರೆ ಘಾಟೀಲಿ ಎದೆಮಟ್ಟ ಹಿಮ ಇರುತ್ತೆ. ಊಟಕ್ಕೆ ಕರೆಯೋಕೆ ಹೋಗಿ ಹೆಣ ಆಗ್ಬೇಕಾ?"

"ಅವ್ರೆಲ್ಲ ಈಸಾನಿಗೋಸ್ಕರ ಎಲ್ಲೆಲ್ಲಿಗೋ ಹೋಗ್ತಿದಾರೆ. ನಾನು ಒಂದು ಘಾಟಿ ಹತ್ತಬಾರ್ದಾ?"

"ಹತ್ತು, ಹತ್ತು. ನಂಗೇನು, ನಿನ್ನ ಎತ್ಕೊಂಡು ಬರೋಕೆ ಚಮರಿ ಎತ್ತು ಇದ್ಯಲ್ಲ" ಎಂದ ಜೋಲ್ಚು. ಅದೇ ಅವನ ಒಪ್ಪಿಗೆ. ಆ ಗಂಡಸು ಜೀವಮಾನದಲ್ಲಿ ನೇರವಾಗಿ 'ಹೂಂ' ಅಂದದ್ದು ಮದುವೆಯ ದಿನ ಮಾತ್ರ.

ದೊಡ್ಡ ಮಗ ಮಂದೆಯನ್ನು ಆಮೇಲೆ ತರುವುದೆಂದಾಯಿತು. ಗಂಡ ಹೆಂಡತಿ ಡೇರೆಯ ಸಾಮಾನು ಹೊತ್ತ ಕುದುರೆಗಳು, ಹಿಮ ತುಳಿದು ದಾರಿ ಮಾಡಲು ಚಮರಿ ಎತ್ತು, ಊಟಕ್ಕೊಂದು ಕುರಿ ಇಷ್ಟನ್ನೇ ಹೊಡೆದುಕೊಂಡು ಹೊರಟರು. ಇವುಗಳ ಹಿಂದೆ ಕರೆಯದೇ ಬಂದದ್ದು ಕುಲಿಪಾ ಬಾಟಲಿ ಹಾಲು ಕುಡಿಸಿ ಸಾಕಿದ ಟಗರು. ಸೀಮೆಯಲ್ಲೇ ಅಂಥ ತಳಿಯಿಲ್ಲ. ಮಾಡುವುದೆಲ್ಲ ನಾಯಿಯ ಬುದ್ಧಿ, ಆಕೆ ಎಲ್ಲಿಯೋ ಅದೂ ಅಲ್ಲಿಯೇ.

ಘಾಟಿಯ ನೆತ್ತಿಯ ತನಕ ಎಲ್ಲ ಸುಸೂತ್ರ. ಚಮರಿ ಎತ್ತು ಎದೆಯಿಂದ ಹಿಮ ಸೀಳುತ್ತ, ಮುಸುಗುಡುತ್ತ ಹೋಯಿತು. ಇಳಿಜಾರಿನಲ್ಲಿ ಕಂದು ಕುದುರೆ ಜಾರಿತು. ಕುದುರೆಯೇನೋ ಹೇಗೋ ಎದ್ದು ನಿಂತಿತು, ಅದರ ಹೊರೆ ಬಿಚ್ಚಿಹೋಯಿತು. ಡೇರೆಯ ನೆತ್ತಿಗೆ ಕೂರಿಸುವ ಮರದ ದೊಡ್ಡ ಬಳೆ ಉರುಳುತ್ತ ಉರುಳುತ್ತ ಹೋಗಿ ಕೆಳಗಿನ ಕೊರಕಲಿನ ಅಂಚಿನಲ್ಲಿ ಸಿಕ್ಕಿಕೊಂಡಿತು. ಅದಿಲ್ಲದೆ ಡೇರೆ ನಿಲ್ಲುವುದಿಲ್ಲ. ಡೇರೆಯಿಲ್ಲದೆ ಎರುಲುಕ್ ಎಲ್ಲಿಯದು?

"ಹೋಗ್ಲಿ ಬಿಡು, ವಾಪಸ್ ಹೋಗೋಣ" ಎಂದ ಜೋಲ್ಚು. ಅವನ ಮುಖ ಬಿಳಿಚಿತ್ತು. "ಈ ಹಿಮ ಹಿಡಿಯೋದಲ್ಲ. ಅದರ ಸದ್ದು ಕೇಳು."

ಕುಲಿಪಾಳಿಗೂ ಕೇಳಿಸಿತ್ತು, ಕಾಲಡಿಯಲ್ಲಿ ಹಿಮ ಗುಮ್ಮೆನ್ನುವ ಸದ್ದು. ಆದರೂ ಸೊಂಟಕ್ಕೆ ಹಗ್ಗ ಬಿಗಿದುಕೊಂಡಳು. "ನೀನು ಇಳಿದ್ರೆ ನಿನ್ನ ಹಿಡಿದು ನಿಲ್ಲೋ ಶಕ್ತಿ ನಂಗಿಲ್ಲ. ನಾನು ಇಳಿದ್ರೆ ನೀನು ಹಿಡೀಬೋದು."

"ನಿನ್ನನ್ನಾ? ಅದಕ್ಕೆ ಮೂರು ಎತ್ತು ಬೇಕು ಕಣೇ" ಎಂದು ನಗಲು ನೋಡಿದ. ನಗು ಬರಲಿಲ್ಲ.

ಒಂದು ತುಂಡು ಉಣ್ಣೆ ಹಾಸನ್ನು ಅಡಿಗೆ ಹಾಕಿಕೊಂಡು, ಅದರ ಮೇಲೆ ಕೂತು, ಕುಲಿಪಾ ಜಾರುತ್ತ ಇಳಿದಳು. ಬಾಯಲ್ಲಿ ಒಂದೇ ಮಾತು: "ಸ್ವಾಮಿ, ನಾನೇನು ದೊಡ್ಡ ಕೆಲಸಕ್ಕೆ ಹೊರಟೋಳಲ್ಲ. ನಮ್ಮಕ್ಕನ್ನ ಊಟಕ್ಕೆ ಕರೆಯೋಕೆ ಹೊರಟೋಳು. ಇಷ್ಟು ನಡೆಸ್ಕೊಡು." ಕೊರಕಲಿನ ಅಂಚಿನಲ್ಲಿ ಕೆಳಗೆ ನೋಡಬಾರದಿತ್ತು, ನೋಡಿದಳು. ತಳವೇ ಕಾಣಲಿಲ್ಲ. ಬಳೆಯನ್ನು ಕೈಗೆ ಸಿಕ್ಕಿಸಿಕೊಂಡು ಕೂಗು ಹಾಕಿದಳು. ಮೇಲೆ ಜೋಲ್ಚು ಹಗ್ಗವನ್ನು ಚಮರಿ ಎತ್ತಿನ ಕೊಂಬಿಗೆ ಬಿಗಿದು ಎಳೆಸಿದ. ಆಕೆ ಮೇಲೆ ಬಂದು ಬಿದ್ದು ಸ್ವಲ್ಪ ಹೊತ್ತಾಗಿರಬೇಕು, ಕೂತು ಜಾರಿದ ಜಾಗದ ಹಿಮವಷ್ಟೂ ಕಳಚಿ ಕೊರಕಲಿಗೆ ಸುರಿದುಹೋಯಿತು. ಇಬ್ಬರೂ ಕೈ ಕೈ ಹಿಡಿದು ನೋಡುತ್ತ ನಿಂತರು. ಆಮೇಲೆ ಕುಲಿಪಾಳಿಗೆ ನಗು ಶುರುವಾಯಿತು ನೋಡಿ, ಜೋಲ್ಚು ಬಾಯಿ ಮುಚ್ಚಿಸಬೇಕಾಯಿತು. ಎಲ್ಲಿ ಉಳಿದ ಹಿಮವೂ ಕುಸಿದೀತೋ ಎಂಬ ಭಯ ಅವನಿಗೆ!

ತಾಶ್‌ಕೋರೋದಲ್ಲಿ ಹುಲ್ಲಿನ್ನೂ ಹಳದಿ. ಗಾಳಿಗೆ ಮೂಗು ಉದುರುವುದೊಂದು ಬಾಕಿ. ಡೇರೆ ಎದ್ದಿತು, ಒಲೆ ಹತ್ತಿತು. ಕಾಯುವ ಕೆಲಸ ಮಾತ್ರ ಉಳಿಯಿತು. ಕಾಯುತ್ತ ಕುಲಿಪಾ ದಿನಕ್ಕೊಂದು ಥರ ಲೆಕ್ಕ ಹಾಕುವಳು. ಒಂದು ದಿನ, "ಅಕ್ಕ ಬಂದೇ ಬರ್ತಾಳೆ." ಇನ್ನೊಂದು ದಿನ, "ಬಂದು ಬಾಗಿಲಲ್ಲಿ ಉಗಿದು ಹೋಗ್ತಾಳೆ." ಈ ಸಲವೂ ಮುಖ ತಿರುಗಿಸಿದರೆ ಇನ್ನು ಯಾವ ಜನ್ಮಕ್ಕೂ ಬಾತ್ಮಾ ತನ್ನ ಒಲೆಯ ಬಳಿ ಕೂರುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಇದಕ್ಕಿಂತ ಹೆಚ್ಚಿನ ಕರೆ ಕರೆಯಲು ಯಾರಿಂದ ತಾನೇ ಆಗುತ್ತದೆ?

ಕಡೆಗೊಂದು ಬೆಳಿಗ್ಗೆ ದೂರದಲ್ಲಿ ನಾಯಿಗಳು ಬೊಗಳುವುದು ಕೇಳಿಸಿತು. ಘಾಟಿಯ ಇಳಿಜಾರಿನಲ್ಲಿ ಅಬ್ದಿಲ್ದಾನ ಕುದುರೆಗಳ ಸಾಲು ಕಂಡಿತು. ಕುಲಿಪಾ ಹೊಸ ತಲೆವಸ್ತ್ರ ಕಟ್ಟಿ, ಮಜ್ಜಿಗೆಯ ತಂಬಿಗೆ ಹಿಡಿದು ಎದುರು ಓಡಿದಳು.

ಅಬ್ದಿಲ್ದಾ ಕುದುರೆಯ ಮೇಲಿಂದಲೇ ತಮ್ಮನ ಡೇರೆ ನೋಡಿದ. ಅದರ ನೆತ್ತಿಯಿಂದ ಹೊಗೆ ಏಳುತ್ತಿತ್ತು. "ಓಹೋ! ಅಣ್ಣನ ತಲೆ ಮೇಲೆ ಕಾಲಿಟ್ಟು ಬಂದುಬಿಟ್ರಾ?"

"ಬೈಯಿ ಭಾವ, ಕುಡಿದು ಬೈಯಿ. ಗಂಟಲು ಒಣಗಿರುತ್ತೆ" ಎಂದು ಕುಲಿಪಾ ತಂಬಿಗೆ ಎತ್ತಿ ಹಿಡಿದಳು. "ಎರುಲುಕ್‌ಗೆ ಕರೆಯೋಕೆ ಬಂದೆ."

ಅಬ್ದಿಲ್ದಾ ಹಲ್ಲು ಕಚ್ಚಿದ. ಘಾಟಿಯ ಹಿಮದಲ್ಲಿ ಇವರ ಜಾಡು ನೋಡುತ್ತಲೇ ಬಂದಿದ್ದ ಅವನು, ಕುಸಿದ ಜಾಗವನ್ನೂ ನೋಡಿದ್ದ. ಅಂಥ ದಾರಿಯಲ್ಲಿ ಬಂದು ಕರೆದವರಿಗೆ ಬೇಡವೆನ್ನಲು ಅವನ ನಾಲಗೆ ಏಳಲಿಲ್ಲ. ತಂಬಿಗೆ ತೆಗೆದುಕೊಂಡು ಕುಡಿದ. ಬಾತ್ಮಾ ಹಿಂದಿನ ಕುದುರೆಯ ಮೇಲೆ ಕಲ್ಲಿನಂತೆ ಕೂತಿದ್ದಳು. ತಂಬಿಗೆ ಅವಳ ಮುಂದೆ ಬಂದಾಗ ಮುಖ ತಿರುಗಿಸಿದಳು.

ಡೇರೆಯ ಮುಂದೆ ಬಂದಾಗ ಮಾಂಸ ಬೇಯುವ ಘಮ ಬಂತು. ಅಬ್ದಿಲ್ದಾ ಲಗಾಮು ಎಳೆದ. "ಕುರಿ ಕಡಿದೋರು ಯಾರು?"

"ನಾನೇ ಅಣ್ಣ" ಎಂದ ಜೋಲ್ಚು, ಹೆಮ್ಮೆಯಿಂದ. ಪಾಪ, ಅತಿಥಿಗಳು ಬರುವಾಗ ಪಾತ್ರೆ ಕುದಿಯುತ್ತಿರಬೇಕೆಂಬ ಸಂಪ್ರದಾಯ ಅಚ್ಚುಕಟ್ಟಾಗಿ ಪಾಲಿಸಿದ್ದ. ದೂರದಲ್ಲಿ ಸಾಲು ಕಂಡದ್ದೇ ತಡ, ಕುರಿಗೆ ಕತ್ತಿ ಹಾಕಿದ್ದ. ದಾರಿ, ಡೇರೆ, ಹಿಮ ಎಲ್ಲ ಯೋಚಿಸಿದ ಗಂಡ ಹೆಂಡಿರಿಬ್ಬರಿಗೂ ಇದೊಂದು ಹೊಳೆದಿರಲಿಲ್ಲ.

"ಧರ್ಮ ಬಿಟ್ಟೋನು ಕಡಿದ ಮಾಂಸ ನಂಗೆ ಹರಾಮ್" ಎಂದ ಅಬ್ದಿಲ್ದಾ. "ನಿಮ್ಮ ಎರುಲುಕ್ ನೀವೇ ಉಣ್ಣಿ." ಕುದುರೆ ತಿರುಗಿಸಿದ.

ಜೋಲ್ಚುವಿನ ಮುಖ ಇಳಿದುಹೋಯಿತು. ಇದ್ದದ್ದೇ ಒಂದು ಕುರಿ. ಆಗ ಕುಲಿಪಾಳ ಕಣ್ಣು ಟಗರಿನ ಮೇಲೆ ಬಿತ್ತು. ಅದು ಎಂದಿನಂತೆ ಆಕೆಯ ಬೆನ್ನಿಗೇ ನಿಂತು ಅಂಗಿಯ ಅಂಚು ಜಗಿಯುತ್ತಿತ್ತು. ಒಂದು ಕ್ಷಣ ಅದರ ಹಣೆಯ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಕೊಂಬು ಹಿಡಿದು ಎಳೆದು ತಂದು ಅಬ್ದಿಲ್ದಾನ ಕುದುರೆಗೆ ಅಡ್ಡ ನಿಲ್ಲಿಸಿದಳು. ಕಡಿಯುವ ಪ್ರಾಣಿಯನ್ನು ಅತಿಥಿಯ ಮುಂದೆ ತಂದರೆ ಅತಿಥಿ ಕೈಯೆತ್ತಿ ಹಾರೈಸಬೇಕು. ಅಲ್ಲೂ ತಪ್ಪಿಸಿಕೊಳ್ಳುವಂತಿಲ್ಲ.

"ಹಾರೈಸು ಭಾವ. ಇದನ್ನ ನಾವು ಮುಟ್ಟಲ್ಲ. ನೀನೇ ಬಿಸ್ಮಿಲ್ಲಾ ಹೇಳಿ ಕಡಿ." ಕತ್ತಿಯ ಹಿಡಿಯನ್ನು ಅವನ ಕಡೆಗೆ ಚಾಚಿದಳು. "ಪಾತ್ರೆಯೂ ನಿಮ್ದೇ ಇಳಿಸು. ಬೆಂಕಿ ಒಂದೇ ನಮ್ದು. ಬೆಂಕಿಗೆ ಯಾವ ಧರ್ಮ?"

ಅಬ್ದಿಲ್ದಾ ಟಗರನ್ನು ನೋಡಿದ. ಕುರಿ ಬಲ್ಲವನು ಅವನು. "ಈ ಟಗರಾ? ಹುಚ್ಚಿ, ಇದನ್ನ ಕಡೀತಾರೇನೆ?"

"ನೀನು ಬರೋದಾದ್ರೆ ಕಡೀತಾರೆ."

"ಬಂದ ನೆಂಟನೇ ಕುರಿ ಕಡಿದು, ನೆಂಟನ ಪಾತ್ರೇಲೇ ಬೇಯ್ಸೋ ಎರುಲುಕ್! ನಮ್ಮಪ್ಪ ಇದ್ದಿದ್ರೆ ನಕ್ಕು ನಕ್ಕು ಸಾಯ್ತಿದ್ದ" ಎಂದ ಅಬ್ದಿಲ್ದಾ. ಆದರೆ ಇಳಿದ. ಕೈಯೆತ್ತಿ ಹಾರೈಸಿದ. ಅಣ್ಣ ಕತ್ತು ಹಿಡಿದ, ತಮ್ಮ ಕಾಲು ಹಿಡಿದ. ಮಾತು ಬಿಟ್ಟ ಮೇಲೆ ಇಬ್ಬರೂ ಕೈ ಸೇರಿಸಿದ ಮೊದಲ ಕೆಲಸ ಅದು. ಕುಲಿಪಾ ಆ ಕಡೆ ನೋಡಲಿಲ್ಲ.

ನೋಡಲು ಪುರುಸೊತ್ತೂ ಇರಲಿಲ್ಲ. ಬಾತ್ಮಾ ಇನ್ನೂ ಕುದುರೆಯ ಮೇಲೇ ಇದ್ದಳು.

"ಇಳಿಯೇ" ಎಂದು ಅಬ್ದಿಲ್ದಾ ಕೂಗಿದ. "ಹಲಾಲ್ ಮಾಡಿ ಆಯ್ತು."

"ನೀನೇ ತಿನ್ನು. ನಂಗೆ ಹಸಿವಿಲ್ಲ."

ಕುಲಿಪಾ ಹೋಗಿ ವಾರಗಿತ್ತಿ ಕಾಲಿಟ್ಟಿದ್ದ ರಿಕಾಪು ಹಿಡಿದು ನಿಂತಳು. "ಅಕ್ಕ, ಮಾಂಸದ ಮಾತಲ್ಲ ಇದು. ಅಲ್ವಾ?"

ಬಾತ್ಮಾ ಇಷ್ಟು ಕಾಲ ಕಟ್ಟಿಕೊಂಡದ್ದು ಒಮ್ಮೆಲೇ ಒಡೆಯಿತು. "ಸತ್ರೆ ನಿನ್ನ ಎಲ್ಲೇ ಹೂಳ್ತಾರೆ? ಊರ ಗೋರಿಗಳ ಹತ್ರ ನಿನ್ನ ಬಿಡ್ತಾರಾ? ಅತ್ತೆ ಕಾಲ್ದೆಸೇಲಿ ನಂಗೊಂದು ಜಾಗ, ನನ್ನ ಪಕ್ಕ ನಿಂಗೊಂದು ಜಾಗ ಅಂತ ಇಟ್ಕೊಂಡಿದ್ದೆ ಕಣೇ. ನನ್ನ ಕೇಳದೆ ಎದ್ದು ಹೋದ್ಯಲ್ಲ. ನಾನು ಅಲ್ಲಿ ಯಾರ ಪಕ್ಕ ಮಲ್ಕೊಳ್ಳಿ?"

ಕುಲಿಪಾಳಿಗೆ ಇದು ಗೊತ್ತೇ ಇರಲಿಲ್ಲ. ಸಿಟ್ಟು ಎಂದುಕೊಂಡಿದ್ದಳು, ತಿರಸ್ಕಾರ ಎಂದುಕೊಂಡಿದ್ದಳು. ಕಣ್ಣೀರು ಬಳಬಳ ಸುರಿಯಿತು. ಒರೆಸಿಕೊಳ್ಳಲಿಲ್ಲ.

"ಸತ್ತ ಮೇಲಿಂದು ದೇವ್ರು ನೋಡ್ಕೊಳ್ಳಲಿ ಅಕ್ಕ. ಬದುಕಿದೀವಲ್ಲ, ಈಗ ಪಕ್ಕದಲ್ಲಿ ಕೂತ್ಕೋ ಬಾ."

ಬಾತ್ಮಾ ಕುದುರೆಯ ಜೂಲು ಸವರಿದಳು. ಆಮೇಲೆ ಒಂದು ಕಾಲು ಎತ್ತಿ ಇಳಿದಳು. ಮಂಡಿ ಹಿಡಿದುಕೊಂಡಿತ್ತು, ಕುಲಿಪಾಳ ಹೆಗಲು ಹಿಡಿದೇ ಇಳಿದಳು.

ಒಳಗೆ ಹಾಸಿದ ಬಟ್ಟೆಯ ಮೇಲೆ ಕುಲಿಪಾ ಬೆಳಿಗ್ಗೆ ಸುಟ್ಟ ರೊಟ್ಟಿ ಇತ್ತು. ಬಾತ್ಮಾ ಒಂದು ತುಂಡು ಮುರಿದು ಬಾಯಿಗಿಟ್ಟಳು. ಅಗಿದಳು, ನುಂಗಿದಳು, ತಿರುಗಿಸಿ ತಳ ನೋಡಿದಳು.

"ತಳ ಸೀದಿದೆ" ಎಂದಳು. "ಹಿಟ್ಟು ಇನ್ನಷ್ಟು ನಾದ್ಬೇಕಿತ್ತು. ಕೈಯಾ ಅದು, ಗೊರಸಾ?" ಅಷ್ಟಕ್ಕೇ ಬಿಡದೆ ಒಲೆಯ ಬಳಿ ಹೋಗಿ ಕುಲಿಪಾಳನ್ನು ಮೊಣಕೈಯಿಂದ ತಳ್ಳಿದಳು. "ಸರಿ ಆ ಕಡೆ. ನೊರೆ ತೆಗೆಯೋದು ಹಿಂಗಾ? ಕೊಡು ಸೌಟು."

ಸೌಟು ಕೊಟ್ಟು ಕುಲಿಪಾ ಗೋಡೆಯ ಬದಿಗೆ, ಹೊಸ ಸೊಸೆಯರು ಕೂರುವ ಜಾಗದಲ್ಲಿ ಕೂತಳು. ತನಗೆ ಮೊಮ್ಮಕ್ಕಳಿದ್ದಾರೆ ಎಂಬುದು ಆಕೆಗೆ ಮರೆತೇಹೋಗಿತ್ತು. ಜನ್ಮದಲ್ಲಿ ಇಷ್ಟು ಸುಖದ ಬೈಗಳು ಆಕೆ ತಿಂದದ್ದಿಲ್ಲ. ಟಗರಿನ ನೆನಪಾಗಿ ಆಗಾಗ ಅದು ಜಗಿದ ಅಂಗಿಯ ಅಂಚು ಸವರಿಕೊಳ್ಳುತ್ತಿದ್ದಳು. ಆದರೂ ತನ್ನ ಪಾಲಿನ ಮಾಂಸ ಪೂರ್ತಿ ತಿಂದಳು. ಜೋಲ್ಚು ಕಡಿದ ಕುರಿಯನ್ನು ಅವನೊಬ್ಬನೇ ವಾರವಿಡೀ ತಿಂದ. ತಪ್ಪು ಮಾಡಿದವನಿಗೆ ಅದೇ ಶಿಕ್ಷೆ ಎಂದು ಅಣ್ಣ ತೀರ್ಪು ಕೊಟ್ಟಿದ್ದ.

ಅಬ್ದಿಲ್ದಾ ಇಂದಿಗೂ ಮಸೀದಿಗೆ ಹೋಗುತ್ತಾನೆ, ತಮ್ಮನ ಹೊಸ ನಂಬಿಕೆಯ ಬಗ್ಗೆ ಒಂದು ಒಳ್ಳೆಯ ಮಾತು ಆಡಿದವನಲ್ಲ. ಕುಲಿಪಾ ನರಿನ್‌ನ ಅಡುಗೆಮನೆಗೆ ಹೋಗಿ ಹಾಡುವುದನ್ನು ಬಿಟ್ಟಿಲ್ಲ. ಊರಿನಲ್ಲಿ ಕರೆಯದವರು ಈಗಲೂ ಕರೆಯುವುದಿಲ್ಲ. ಆದರೆ ಆ ಶರತ್ಕಾಲ ಮಂದೆ ಇಳಿದು ಬಂದ ಮೇಲೆ ಹೆಂಗಸರು ಬಾತ್ಮಾಳನ್ನು ಬಾವಿಯ ಬಳಿ ಅಡ್ಡಗಟ್ಟಿದರು. "ನಿಜವೇನೆ, ಆ ದೀಕ್ಷೆ ತಗೊಂಡೋಳ ಕೈ ರೊಟ್ಟಿ ತಿಂದ್ಯಂತೆ?"

ಬಾತ್ಮಾ ಕೊಡ ಕೆಳಗಿಡಲಿಲ್ಲ. "ತಿಂದೆ. ಬೇಸಗೆ ಪೂರ್ತಿ ತಿಂದೆ. ಇನ್ನೂ ನೆಟ್ಟಗೆ ಬರಲ್ಲ ಅವಳಿಗೆ. ನಾನು ಬದುಕಿರೋ ತನಕ ಪಕ್ಕದಲ್ಲಿ ಕೂತು ಕಲಿಸ್ಬೇಕು" ಎಂದು ಹೇಳಿ ನೀರು ಹೊತ್ತು ನಡೆದಳು.